ಅಣ್ಣಂದಿರು 39 ವರ್ಷ ಹೇಳದ ಮಾತು

ಪ್ರಿಯ ಸಹೋದರ ಸಹೋದರಿಯರೇ,

ಬೈಬಲಿನ ಯೋಸೇಫನ ಕಥೆಯನ್ನು ನಾವು ಆದಿಕಾಂಡದ 45ನೇ ಅಧ್ಯಾಯಕ್ಕೇ ಮುಗಿಸಿಬಿಡುತ್ತೇವೆ. ತನ್ನನ್ನು ಮಾರಿದ ಅಣ್ಣಂದಿರನ್ನು ತಬ್ಬಿಕೊಂಡು ಅತ್ತ, ಎಲ್ಲ ಸರಿಹೋಯಿತು ಅಂದುಕೊಳ್ಳುತ್ತೇವೆ. ದಯವಿಟ್ಟು 50ನೇ ಅಧ್ಯಾಯವನ್ನೂ ಓದಿ. ಅಪ್ಪ ಯಾಕೋಬ ಐಗುಪ್ತದಲ್ಲಿ 17 ವರ್ಷ ಬಾಳಿ ತೀರಿಕೊಳ್ಳುತ್ತಾನೆ. ಆಗ ಅಣ್ಣಂದಿರಿಗೆ ನಡುಕ ಶುರುವಾಗುತ್ತದೆ: ಅಪ್ಪ ಇಲ್ಲ, ಈಗ ಇವನು ಸೇಡು ತೀರಿಸಿಕೊಂಡರೆ? ಗುಂಡಿಗೆ ತಳ್ಳಿದ್ದನ್ನು, ಮಾರಿದ್ದನ್ನು ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು. ಅವನೆದುರು ಕ್ಷಮೆ ಕೇಳಿದ್ದು ಆ ದಿನವೇ ಮೊದಲು. ಯೋಸೇಫನನ್ನು ಮಾರಿದಾಗ ಅವನಿಗೆ 17 ವರ್ಷ, ಅಣ್ಣಂದಿರಿಗೆ ಗುರುತು ಹೇಳಿಕೊಂಡಾಗ ಸುಮಾರು 39. ನಡುವಿನ ಆ 22 ವರ್ಷಕ್ಕೆ ಅಪ್ಪ ಐಗುಪ್ತದಲ್ಲಿ ಬಾಳಿದ 17 ವರ್ಷ ಸೇರಿಸಿ, ಮಾರಿದ ದಿನದಿಂದ ಎಣಿಸಿದರೆ ಆ ಒಂದು ಮಾತಿಗೆ ಸುಮಾರು 39 ವರ್ಷ ಹಿಡಿಯಿತು.

ನಮ್ಮ ಮನೆಗಳಲ್ಲಿ ರಾಜಿ ಮುರಿಯುವುದೂ ಇಲ್ಲೇ. ‘ಆದದ್ದು ಆಗಿಹೋಯ್ತು ಬಿಡು’ ಎಂದು ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಗಳ ಡಬ್ಬಿ ಕೊಟ್ಟು ಬರುತ್ತೇವೆ. ತಪ್ಪಿನ ಹೆಸರು ಯಾರೂ ಎತ್ತುವುದಿಲ್ಲ. ಅಮ್ಮ ಕಣ್ಣು ಮುಚ್ಚಿದ ವಾರದಲ್ಲೇ ಹಳೆಯದೆಲ್ಲ ಮೇಲೆ ಬರುತ್ತದೆ.

ಹಾಗಾದರೆ ಮೊದಲು ಯಾರು ಹೋಗಬೇಕು? ಮತ್ತಾಯ 5:23ರಲ್ಲಿ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ರಾಜಿಯಾಗು ಎಂದು ಯೇಸು ಕಳಿಸುವುದು ತಪ್ಪು ಮಾಡಿದವನನ್ನು. 18:15ರಲ್ಲಿ ಕಳಿಸುವುದು ನೊಂದವನನ್ನು. ಯಾರಿಗೆ ಮೊದಲು ನೆನಪಾಯಿತೋ ಅವರೇ ಹೊರಡಬೇಕು. ಕಾಣಿಕೆಯ ಆ ಮಾತು ಕೇಳುತ್ತಿದ್ದವರಲ್ಲಿ ಬಹಳ ಮಂದಿ ಗಲಿಲಾಯದವರು, ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಕಾಣಿಕೆ ಅಲ್ಲೇ ಬಿಟ್ಟು ಊರಿಗೆ ಹೋಗಿ ಬಾ ಎಂದರೆ ಹಲವು ದಿನಗಳ ನಡಿಗೆ. ನಮ್ಮ ತಮ್ಮ ಎಷ್ಟೋ ಸಲ ಪಕ್ಕದ ಬೀದಿಯಲ್ಲೇ ಇರುತ್ತಾನೆ.

ಹೋಗುವಾಗ ಒಬ್ಬರೇ ಹೋಗಿ. ಅತ್ತಿಗೆ, ಭಾವ, ಮಕ್ಕಳು ಮೊದಲ ಭೇಟಿಗೆ ಬೇಡ. ನಾಲ್ಕು ಜನರೆದುರು ಯಾರೂ ಸೋಲಲು ಒಪ್ಪುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಂತೂ ಈ ಮಾತು ಎತ್ತಲೇಬೇಡಿ. ‘ನನ್ನಿಂದ ತಪ್ಪಾಗಿದ್ದರೆ ಕ್ಷಮಿಸು’ ಎಂಬ ಮಾತಿನಲ್ಲಿ ಆ ‘ದ್ದರೆ’ ಇದೆಯಲ್ಲ, ಅದು ತಪ್ಪನ್ನು ಮತ್ತೆ ಕೇಳುವವರ ತಲೆಗೇ ಕಟ್ಟುತ್ತದೆ. ಹೀಗೆ ಹೇಳಿ ನೋಡಿ: ‘ಅಕ್ಕಾ, ಅಮ್ಮನನ್ನು ಎರಡು ವರ್ಷ ನೀನೊಬ್ಬಳೇ ನೋಡಿಕೊಂಡೆ. ಆಸ್ಪತ್ರೆಯಿಂದ ನೀನು ಫೋನ್ ಮಾಡಿದಾಗ ನಾನು ಬೇಕಂತಲೇ ಎತ್ತಲಿಲ್ಲ. ಅದು ತಪ್ಪು. ಕ್ಷಮಿಸು.’ ಅಷ್ಟಕ್ಕೇ ನಿಲ್ಲಿಸಿ. ‘ಆದರೆ ನೀನೂ...’ ಎಂದಿರೋ, ಹೇಳಿದ್ದೆಲ್ಲ ವ್ಯರ್ಥ. ಉತ್ತರ ಅಂದೇ ಬರಬೇಕೆಂದು ಕೂರಬೇಡಿ.

ಒಬ್ಬರಿಂದ ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಎನ್ನುತ್ತದೆ ಮತ್ತಾಯ 18:16. ಆಸ್ತಿಯಲ್ಲಿ ಪಾಲಿಲ್ಲದ, ಇಬ್ಬರಿಗೂ ಸಾಲ ಕೊಡದ ಹಿರಿಯರನ್ನು ಆರಿಸಿ.

ಇನ್ನು ಆಸ್ತಿ. ಪಾಲು ಮಾಡಿಸು ಎಂದು ಬಂದವನಿಗೆ ಯೇಸುವೇ, ನನ್ನನ್ನು ನಿಮಗೆ ಪಾಲು ಮಾಡುವವನಾಗಿ ನೇಮಿಸಿದವರು ಯಾರು ಎಂದು ಕೇಳಿದರು (ಲೂಕ 12). ಫಾದರ್‌ಗಾಗಲಿ ಪಾಸ್ಟರ್‌ಗಾಗಲಿ ಆ ಹೊರೆ ಹೊರಿಸಬೇಡಿ, ವಕೀಲರ ಹತ್ತಿರ ಹೋಗಿ. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಉಯಿಲಿಲ್ಲದೆ ಅಪ್ಪ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮನಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣೆನ್ನದೆ ಸಮವಾಗಿ. ನಾಲ್ವರು ಮಕ್ಕಳಿದ್ದರೆ ತಲಾ ಆರನೇ ಒಂದು. ‘ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ’ ಎಂದು ತಂಗಿಯ ಪಾಲು ಮುರಿಯಲು ಬರುವುದಿಲ್ಲ. ಅಪ್ಪ ಬದುಕಿದ್ದಾಗ ಕೊಟ್ಟದ್ದನ್ನು ಪಾಲಿನ ಲೆಕ್ಕಕ್ಕೆ ಹಿಡಿಯಬಾರದು ಎಂದು 49ನೇ ಸೆಕ್ಷನ್ನೇ ಹೇಳುತ್ತದೆ. ಅವಳು ಮನಸ್ಸಾರೆ ಬಿಟ್ಟುಕೊಟ್ಟರೆ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು. ಕ್ಷಮೆ ಕೇಳಲು ಹೋದ ದಿನವೇ ಆ ಪತ್ರಕ್ಕೆ ಸಹಿ ಕೇಳುವುದು ಮಾತ್ರ ಮಹಾ ಅನ್ಯಾಯ. ಅವಳು ಅಳುವಾಗ ಹಾಕಿದ ಸಹಿ ಮುಂದೆ ಕೋರ್ಟು ಹತ್ತಿಸುತ್ತದೆ.

ಕ್ಷಮಿಸಿದ ಮಾತ್ರಕ್ಕೆ ಹೊಡೆತ, ಬೆದರಿಕೆ ಇದ್ದ ಮನೆಗೆ ಮರಳಿ ಹೋಗಬೇಕೆಂದಿಲ್ಲ. ಅಣ್ಣ ಏಸಾವ ಓಡಿ ಬಂದು ತಮ್ಮ ಯಾಕೋಬನನ್ನು ಮುದ್ದಿಟ್ಟ ಮೇಲೂ ಒಬ್ಬ ಸೇಯೀರಿಗೆ ಹೋದ, ಇನ್ನೊಬ್ಬ ಸುಕ್ಕೋತಿಗೆ. ಬೇರೆಬೇರೆಯಾಗಿಯೇ ಬದುಕಿದರು, ಅಪ್ಪ ಇಸಾಕನನ್ನು ಮಣ್ಣು ಮಾಡಲು ಇಬ್ಬರೂ ಬಂದರು.

ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಮ್ಮ ಸಮಾಧಿ ತೋಟಗಳಲ್ಲಿ ಒಂದೇ ಸಮಾಧಿಗೆ ಅಣ್ಣ ಬೆಳಿಗ್ಗೆ, ತಮ್ಮ ಸಂಜೆ ಬಂದು ಬೇರೆಬೇರೆ ಮೇಣದಬತ್ತಿ ಹಚ್ಚಿ ಹೋಗುವುದುಂಟು. ಈ ಸಲ ಒಂದೇ ಹೊತ್ತಿಗೆ ಹೋಗಿ. ಮಾತು ಹೊರಡದಿದ್ದರೆ ಇಬ್ಬರೂ ಕೂತು ಸಮಾಧಿಯ ಸುತ್ತಲಿನ ಹುಲ್ಲು ಕೀಳಿ.