ಫೋನ್ ಒರೆಸೋಕೆ ಮುಂಚೆ ಸ್ವಲ್ಪ ತಡೀರಿ

ಎಲ್ಲರಿಗೂ ನಮಸ್ಕಾರ. ಎಲ್ಲರ ಕೈಯಲ್ಲೂ ಫೋನ್ ಇದೆ, ಒಳ್ಳೆಯದೇ ಆಯಿತು. ಸ್ಕ್ರೀನ್ ಆಫ್ ಮಾಡಿ, ಟ್ಯೂಬ್‌ಲೈಟ್ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಬೆರಳ ಗುರುತು, ಕೆನ್ನೆಯ ಎಣ್ಣೆ, ಕೆಲವರದ್ದರಲ್ಲಿ ಒಣಗಿದ ಚಪಾತಿ ಹಿಟ್ಟು. ಈಗ ಅರ್ಧ ಜನ ಸೆರಗಿಗೋ ಅಂಗಿ ತುದಿಗೋ ತಿಕ್ಕೋಕೆ ಹೊರಟಿರುತ್ತೀರಿ. ತಡೀರಿ.

ಕೊಳೆಯಿಂದ ಫೋನ್ ಹಾಳಾಗುವುದು ಕಡಿಮೆ. ಕೊಳೆ ತೆಗೆಯೋಕೆ ಹೋಗಿ ಹಾಳು ಮಾಡಿಕೊಳ್ಳುವವರೇ ಜಾಸ್ತಿ. ನಾನು ಹೇಳೋಕೆ ಬಂದಿರುವುದು ಅಷ್ಟೇ.

ರಸ್ತೆ ಧೂಳು ಬರೀ ಮಣ್ಣಲ್ಲ, ಅದರಲ್ಲಿ ಸಣ್ಣ ಮರಳೂ ಇರುತ್ತದೆ. ಮರಳು ಅಂದರೆ ಹೆಚ್ಚಿನ ಪಾಲು ಬೆಣಚುಕಲ್ಲು. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದಕ್ಕೆ 7, ಫೋನಿನ ಗಾಜು ಸಾಮಾನ್ಯವಾಗಿ 6ರ ಆಸುಪಾಸು. ಅಂದಮೇಲೆ ಒಣಬಟ್ಟೆಯಲ್ಲಿ ಒತ್ತಿ ತಿಕ್ಕಿದರೆ ಗೀರು ಬೀಳದೆ ಇನ್ನೇನಾಗುತ್ತದೆ? ಮೊದಲು ಮೆತ್ತನೆಯ ಬ್ರಷ್‌ನಿಂದ ಧೂಳು ಉದುರಿಸಿ, ಆಮೇಲೆ ಒರೆಸಿ. ಕನ್ನಡಕದ ಜೊತೆ ಕೊಡುತ್ತಾರಲ್ಲ, ಆ ಮೈಕ್ರೋಫೈಬರ್ ಬಟ್ಟೆ ಸಾಕು, ಆದರೆ ಅದನ್ನೂ ಆಗಾಗ ಒಗೆಯಬೇಕು.

ಇನ್ನೊಂದು ವಿಷಯ. ಗಾಜಿನ ಮೇಲೆ ಎಣ್ಣೆ ಹಿಡಿಯದ ಹಾಗೆ ಒಂದು ತೆಳು ಲೇಪ ಹಾಕಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಹೊಸ ಫೋನಿನ ಮೇಲೆ ಬೆರಳು ಸಲೀಸಾಗಿ ಜಾರುವುದು ಅದರಿಂದಲೇ. ಇದೆಯೋ ಇಲ್ಲವೋ ನೋಡಬೇಕಾ? ಸ್ಕ್ರೀನ್ ನಡುವೆ ಒಂದು ಸಣ್ಣ ಹನಿ ನೀರು ಬಿಡಿ. ಗುಂಡಗೆ ನಿಂತರೆ ಲೇಪ ಇದೆ, ಚಪ್ಪಟೆಯಾಗಿ ಹರಡಿದರೆ ಸವೆದಿದೆ. ಹೇಗೂ ದಿನ ಕಳೆದಂತೆ ಅದು ಸವೆಯುವುದೇ, ಆದರೆ ಕಿಟಕಿ ಗಾಜಿಗೆ ಹೊಡೆಯುವ ನೀಲಿ ಸ್ಪ್ರೇ ಹೊಡೆದರೆ, ಅಥವಾ ಗೀರು ಹೋಗುತ್ತದೆ ಅಂತ ಯಾವುದೋ ವಿಡಿಯೋ ನೋಡಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ, ಬೇಗ ಹೋಗುತ್ತದೆ. ಗೀರು ಮಾತ್ರ ಅಲ್ಲೇ ಇರುತ್ತದೆ! ಟೆಂಪರ್ ಗ್ಲಾಸ್ ಹಾಕಿಸಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ, ಹಾಳಾದರೆ ಗ್ಲಾಸ್ ಬದಲಾಯಿಸಿದರಾಯಿತು.

ಒದ್ದೆ ಮಾಡಬೇಕಾದ್ದು ಬಟ್ಟೆಯನ್ನು, ಫೋನನ್ನಲ್ಲ. ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯ ಮೂಲೆಯಲ್ಲಿ ಒರೆಸಿ, ತಕ್ಷಣ ಒಣಗಿದ ಭಾಗದಲ್ಲಿ ಇನ್ನೊಮ್ಮೆ ಒರೆಸಿ. ದಿನಬಳಕೆಗೆ ಇಷ್ಟು ಸಾಕು. ಆಸ್ಪತ್ರೆಗೆ ಹೋಗಿ ಬಂದಿರಿ, ರೋಗಾಣು ಭಯ ಇದೆ ಅಂದರೆ 70% ಐಸೊಪ್ರೊಪೈಲ್ ಆಲ್ಕೋಹಾಲ್ ಇರುವ ವೈಪ್ ಬಳಸಬಹುದು. ಕೊರೊನಾ ಶುರುವಾದ 2020ರ ಮಾರ್ಚ್‌ನಲ್ಲಿ ಆಪಲ್ ಕಂಪನಿಯೇ ಇದಕ್ಕೆ ಒಪ್ಪಿಗೆ ಕೊಟ್ಟಿತು. ಕೈಗೆ ಹಚ್ಚುವ ಜೆಲ್ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ತರಹದ್ದು ಸೇರಿರುತ್ತದೆ, ಒರೆಸಿದಷ್ಟೂ ಅಂಟಂಟು. ಬ್ಲೀಚ್, ಥಿನ್ನರ್, ಪೆಟ್ರೋಲ್ ಅಂತೂ ಹತ್ತಿರವೂ ತರಬೇಡಿ.

"ನಂದು ವಾಟರ್‌ಪ್ರೂಫ್ ಸಾರ್, ನಲ್ಲಿ ಕೆಳಗೇ ತೊಳೀತೀನಿ" ಅನ್ನುವವರು ಸಿಗುತ್ತಾರೆ. ಫೋನ್ ಎಷ್ಟು ನೀರು ತಡೆಯುತ್ತದೆ ಅಂತ ಹೇಳುವ ಗುರುತು ಐಪಿ67 ಅಂತಿದ್ದರೆ, 1 ಮೀಟರ್ ಆಳದ ಸಿಹಿನೀರಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅರ್ಥ. ಅದೂ ಲ್ಯಾಬಿನಲ್ಲಿ, ಹೊಸ ಫೋನಿಗೆ. ಎರಡು ವರ್ಷ ಬಳಸಿ, ನಾಲ್ಕು ಸಲ ಬೀಳಿಸಿದ ಫೋನಿನ ಒಳಗಿನ ಅಂಟು ಯಾವ ಸ್ಥಿತಿಯಲ್ಲಿದೆ ಅಂತ ಯಾರಿಗೆ ಗೊತ್ತು? ಸೋಪು ನೀರು ಬೇರೆ ಸಣ್ಣ ಸಂದಿಗೂ ಸಲೀಸಾಗಿ ನುಗ್ಗುತ್ತದೆ. ಬಹಳಷ್ಟು ಫೋನುಗಳ ಒಳಗೆ ನೀರು ತಾಗಿದರೆ ಕೆಂಪಾಗುವ ಸಣ್ಣ ಸ್ಟಿಕ್ಕರ್ ಇರುತ್ತದೆ. ಸರ್ವಿಸ್ ಸೆಂಟರ್‌ನವರು ಅದನ್ನು ನೋಡಿದರೆ ವಾರಂಟಿ ಕಥೆ ಮುಗಿಯಿತು. ನೀರು ಹೋಯಿತು ಅಂತ ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಬೇಡ, ಅಕ್ಕಿಯ ಪುಡಿ ಒಳಗೆ ಸೇರುತ್ತದೆ. ಹಾಗೆ ಮಾಡಬೇಡಿ ಅಂತ ಆಪಲ್‌ನವರೂ ಬರೆದಿದ್ದಾರೆ.

ಈಗ ಮುಖ್ಯವಾದ ಜಾಗಕ್ಕೆ ಬರೋಣ, ಚಾರ್ಜಿಂಗ್ ಪೋರ್ಟ್. ಸ್ಕ್ರೀನ್ ಒರೆಸದಿದ್ದರೆ ನಷ್ಟ ಏನಿಲ್ಲ. ಇದನ್ನು ಸ್ವಚ್ಛ ಮಾಡದಿದ್ದರೆ ನಿಜವಾಗಿ ತೊಂದರೆ ಆಗುತ್ತದೆ. ಜೇಬಿನ ನೂಲು, ಬ್ಯಾಗಿನ ಧೂಳು ಒಳಗೆ ಸೇರುತ್ತದೆ, ಪ್ರತಿ ಸಲ ಚಾರ್ಜರ್ ಚುಚ್ಚಿದಾಗ ನಾವೇ ಅದನ್ನು ಇನ್ನಷ್ಟು ತಳಕ್ಕೆ ಒತ್ತುತ್ತೇವೆ, ಕೊನೆಗೆ ದೇವರ ದೀಪದ ಹೂಬತ್ತಿ ಹಾಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಚಾರ್ಜರ್ ಪೂರ್ತಿ ಒಳಗೆ ಹೋಗುವುದಿಲ್ಲ, 'ಟಕ್' ಅನ್ನುವುದಿಲ್ಲ, ಅಲ್ಲಾಡಿಸಿದರೆ ಚಾರ್ಜ್ ಆಗುತ್ತದೆ, ಬಿಟ್ಟರೆ ಇಲ್ಲ. ನಾವು ಮೊದಲು ಕೇಬಲ್ ಬದಲಾಯಿಸುತ್ತೇವೆ, ಆಮೇಲೆ ಚಾರ್ಜರ್, ಆಮೇಲೆ ಅಂಗಡಿಗೆ ಹೋಗಿ ಪಿನ್ನೇ ಹೋಗಿದೆ ಅನ್ನಿಸಿಕೊಂಡು ಬರುತ್ತೇವೆ. ಅದಕ್ಕೂ ಮುಂಚೆ ಒಂದು ಸಲ ಟಾರ್ಚ್ ಬಿಟ್ಟು ನೋಡಬಹುದಲ್ವಾ?

ಫೋನ್ ಸ್ವಿಚ್ ಆಫ್ ಮಾಡಿ. ಪೋರ್ಟಿನ ಬಾಯಿ ಕೆಳಗೆ ಬರುವ ಹಾಗೆ ಹಿಡಿಯಿರಿ, ಸಡಿಲವಾದದ್ದು ಆಚೆ ಬೀಳಲಿ. ಟೈಪ್-ಸಿ ಪೋರ್ಟ್ ನಡುವೆ ತೆಳ್ಳನೆಯ ನಾಲಿಗೆ ಇದೆ, ಕರೆಂಟ್ ಹರಿಯುವ ಪಟ್ಟಿಗಳೆಲ್ಲ ಅದರ ಮೇಲೇ ಇವೆ. ಅದು ಮುರಿದರೆ ಪೋರ್ಟ್ ಹೋದಂತೆ. ಮರದ ಟೂತ್‌ಪಿಕ್ಕನ್ನು ಬ್ಲೇಡಿನಿಂದ ಇನ್ನೂ ತೆಳುವಾಗಿ ಹೆರೆದುಕೊಂಡು, ನಾಲಿಗೆಗೆ ತಾಗಿಸದೆ, ಪಕ್ಕದ ಗೋಡೆಗುಂಟ ಇಳಿಸಿ ಮೆಲ್ಲಗೆ ಹೊರಗೆ ಎಳೆಯಿರಿ. ಒತ್ತಬೇಡಿ. ಸೇಫ್ಟಿ ಪಿನ್, ಸೂಜಿ, ಹೇರ್‌ಪಿನ್ ಯಾವುದೂ ಬೇಡ. ಪಟ್ಟಿಗಳ ಮೇಲೆ ಹಸಿರು ಕಿಲುಬು ಕಂಡರೆ ಅಲ್ಲಿಗೇ ನಿಲ್ಲಿಸಿ ಅಂಗಡಿಗೆ ಕೊಡಿ.

ಬಾಯಿಂದ ಊದಿದರೆ ಎಂಜಲು ಹೋಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಬೆರೆತಿರುತ್ತದೆ, ರಭಸವೂ ಜಾಸ್ತಿ. ಸ್ಪೀಕರ್ ಜಾಲರಿಗೆ ಒಣಗಿದ ಮೆತ್ತನೆಯ ಟೂತ್‌ಬ್ರಷ್ ಸಾಕು. ಆ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಇದೆ ನೋಡಿ, ಅದು ಮೈಕ್. ಸಿಮ್ ತೆಗೆಯುವ ತೂತು ಅಂದುಕೊಂಡು ಅಲ್ಲಿ ಪಿನ್ ಚುಚ್ಚಿದರೆ ಒಳಗಿನ ಪರದೆ ಹರಿಯಬಹುದು, ಆಮೇಲೆ ನೀವು ಎಷ್ಟೇ ಕೂಗಿದರೂ ಆಚೆ ಕಡೆಯವರಿಗೆ ಕೇಳಿಸುವುದಿಲ್ಲ.

ಕವರ್ ಬಿಚ್ಚಿ ಸೋಪಿನಲ್ಲಿ ತೊಳೆಯಬಹುದು, ಪೂರ್ತಿ ಒಣಗಿದ ಮೇಲೇ ಹಾಕಿ. ಪಾರದರ್ಶಕ ಕವರ್ ಹಳದಿ ಆಗಿದ್ದರೆ ಸುಮ್ನೆ ಉಜ್ಜಬೇಡಿ, ಅದು ಕೊಳೆಯಲ್ಲ, ಬಿಸಿಲಿಗೆ ಪ್ಲಾಸ್ಟಿಕ್ಕೇ ಬಣ್ಣ ತಿರುಗಿದ್ದು.

ಮಾತು ಸಾಕು. ಯಾರ ಫೋನ್ ಅಲ್ಲಾಡಿಸಿದರೆ ಮಾತ್ರ ಚಾರ್ಜ್ ಆಗುತ್ತದೋ ಅವರು ಮುಂದೆ ಬನ್ನಿ. ಸ್ವಿಚ್ ಆಫ್ ಮಾಡಿಕೊಂಡೇ ಬನ್ನಿ. ಟಾರ್ಚೂ ಟೂತ್‌ಪಿಕ್ಕೂ ನನ್ನ ಹತ್ತಿರ ಇವೆ.