ಡೈರಿಯಲ್ಲಿ ಬರೆದಿಟ್ಟರೂ ಮುಗಿಯದ ಕೆಲಸ: ಜಿಟಿಡಿ ಪದ್ಧತಿಯ ತಿರುಳು

[ದೃಶ್ಯ: ಹಳೆಯ ಡೈರಿಯ ಒಂದು ಪುಟ. ಒಂದೇ ಸಾಲು: ‘ಖಾತೆ ಬದಲಾವಣೆ’.]

ನಮಸ್ಕಾರ. ಇದು ನನ್ನ ಡೈರಿಯ ಪುಟ. ಅಪ್ಪ ತೀರಿಕೊಂಡ ಮೇಲೆ ಮನೆಯ ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಬೇಕಿತ್ತು. ಬರೆದಿಟ್ಟೆ. ಹೊಸ ವರ್ಷ ಬಂತು, ಹೊಸ ಡೈರಿಯಲ್ಲೂ ಅದೇ ಸಾಲನ್ನು ಬರೆದೆ. ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕುಳಿತಾಗ, ಮಲಗುವ ಮುನ್ನ ಅದು ನೆನಪಾಗಿ ಕೊರೆಯುತ್ತಿತ್ತು. ಅಮ್ಮ ಒಮ್ಮೆಯೂ ಕೇಳಲಿಲ್ಲ. ಅದೇ ಹೆಚ್ಚು ನೋವು ಕೊಟ್ಟದ್ದು.

ಅದರಿಂದ ನನ್ನನ್ನು ಬಿಡಿಸಿದ ಪದ್ಧತಿಯ ಹೆಸರು ಗೆಟ್ಟಿಂಗ್ ಥಿಂಗ್ಸ್ ಡನ್, ಚಿಕ್ಕದಾಗಿ ಜಿಟಿಡಿ. ಅಮೆರಿಕದ ಡೇವಿಡ್ ಅಲೆನ್ 2001ರಲ್ಲಿ ಇದೇ ಹೆಸರಿನ ಪುಸ್ತಕದಲ್ಲಿ ಇದನ್ನು ವಿವರಿಸಿದರು, 2015ರಲ್ಲಿ ಪರಿಷ್ಕರಿಸಿದರು. ಇದರಲ್ಲಿ ಐದು ಹಂತಗಳಿವೆ: ಕಲೆಹಾಕುವುದು, ಸ್ಪಷ್ಟಪಡಿಸಿಕೊಳ್ಳುವುದು, ಜೋಡಿಸುವುದು, ಪರಿಶೀಲಿಸುವುದು, ಮಾಡುವುದು. ನಾನು ಸೋತದ್ದು ಎರಡನೆಯದರಲ್ಲಿ. ಆದ್ದರಿಂದ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇನೆ.

[ದೃಶ್ಯ: ಬಿಳಿ ಹಾಳೆ, ಬರೆಯುತ್ತಿರುವ ಕೈ.]

ಮೊದಲು ಕಲೆಹಾಕುವುದು. ತಲೆಯಲ್ಲಿರುವುದನ್ನೆಲ್ಲ ಒಂದೆಡೆ ಇಳಿಸಿ. ಮಗಳ ಶಾಲೆಯ ಶುಲ್ಕ, ಸೋರುವ ನಲ್ಲಿ, ಗೆಳೆಯನ ಬಳಿ ಕೇಳಬೇಕಾದ ಕ್ಷಮೆ. ದೊಡ್ಡದು, ಸಣ್ಣದು ಎಂಬ ಭೇದ ಬೇಡ. ಇವೆಲ್ಲ ಬಂದು ಬೀಳುವ ಜಾಗವೇ ಇನ್‌ಬಾಕ್ಸ್. ಅದು ಮೇಜಿನ ಮೇಲಿನ ಟ್ರೇ ಆಗಬಹುದು, ಜೇಬಿನ ಪುಟ್ಟ ಪುಸ್ತಕವಾಗಬಹುದು. ಹತ್ತು ಕಡೆ ಮಾತ್ರ ಬೇಡ.

ಬರೆದಿಟ್ಟರೆ ಸಾಕೇ? ಸಾಲದು. 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ ಬರ್ಲಿನ್‌ನಲ್ಲಿ ನಡೆಸಿದ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಮುಗಿದ ಕೆಲಸಗಳಿಗಿಂತ ಅರ್ಧಕ್ಕೆ ನಿಂತ ಕೆಲಸಗಳು ಹೆಚ್ಚು ನೆನಪಿನಲ್ಲಿರುತ್ತವೆ ಎಂಬುದು ಅವರ ಮಾತು. ನಂತರದ ಪ್ರಯೋಗಗಳಲ್ಲಿ ಪ್ರತಿ ಬಾರಿಯೂ ಅದೇ ಫಲಿತಾಂಶ ಬರಲಿಲ್ಲ. ಹಾಗಾಗಿ ಅದನ್ನು ನಿಯಮವೆಂದು ನಾನು ಹೇಳುವುದಿಲ್ಲ. ನನ್ನ ಕಣ್ಣು ತೆರೆಸಿದ್ದು ಮಸಿಕಾಂಪೊ ಮತ್ತು ರಾಯ್ ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಅಧ್ಯಯನ. ಈಡೇರದ ಗುರಿಯೊಂದು ಮನಸ್ಸಿನಲ್ಲಿದ್ದವರಿಗೆ ಬೇರೇನನ್ನೋ ಓದುವಾಗಲೂ ಅದರ ಯೋಚನೆ ನುಗ್ಗುತ್ತಿತ್ತು. ಅದನ್ನು ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿಕೊಂಡವರಿಗೆ ಆ ಕಾಟ ಇರಲಿಲ್ಲ. ಗಮನಿಸಿ, ಅವರ ಕೆಲಸವೂ ಮುಗಿದಿರಲಿಲ್ಲ.

[ದೃಶ್ಯ: ‘ಖಾತೆ ಬದಲಾವಣೆ’ ಎಂಬ ಸಾಲು ಮತ್ತೆ. ಪಕ್ಕದಲ್ಲಿ ಪ್ರಶ್ನೆ: ‘ಮುಂದಿನ ಹೆಜ್ಜೆ ಯಾವುದು?’]

ಈಗ ಎರಡನೆಯ ಹಂತ. ನನ್ನ ಡೈರಿಯಲ್ಲಿದ್ದದ್ದು ಕೆಲಸವೇ ಅಲ್ಲ. ಯಾರಾದರೂ ಎದ್ದು ನಿಂತು ‘ಖಾತೆ ಬದಲಾವಣೆ’ಯನ್ನು ಮಾಡಲು ಸಾಧ್ಯವೇ? ಒಂದಕ್ಕಿಂತ ಹೆಚ್ಚು ಹೆಜ್ಜೆ ಬೇಕಾದ ಯಾವುದನ್ನೇ ಆಗಲಿ ಜಿಟಿಡಿ ‘ಪ್ರಾಜೆಕ್ಟ್’ ಎಂದು ಕರೆಯುತ್ತದೆ. ಪ್ರಾಜೆಕ್ಟನ್ನು ಯಾರೂ ಮಾಡಲಾರರು, ಅದರ ಮುಂದಿನ ಹೆಜ್ಜೆಯನ್ನಷ್ಟೇ ಇಡಬಹುದು. ಆ ಹೆಜ್ಜೆ ಕಣ್ಣಿಗೆ ಕಾಣುವಂಥದ್ದಾಗಿರಬೇಕು: ಯಾರಿಗೋ ಕರೆ ಮಾಡುವುದು, ಎಲ್ಲಿಗೋ ಹೋಗುವುದು, ಏನನ್ನೋ ಬರೆಯುವುದು. ‘ಯೋಚಿಸುವುದು’, ‘ನೋಡಿಕೊಳ್ಳುವುದು’ ಎಂದು ಬರೆದರೆ ಹೆಜ್ಜೆ ಇನ್ನೂ ಸಿಕ್ಕಿಲ್ಲ ಎಂದರ್ಥ.

ಒಂದು ಸಂಜೆ ಕುಳಿತು ನನ್ನನ್ನೇ ಕೇಳಿಕೊಂಡೆ. ನಾಡಕಚೇರಿಗೆ ಹೋಗಬೇಕೇ? ಅದಕ್ಕೂ ಮುಂಚೆ ವಂಶವೃಕ್ಷಕ್ಕೆ ಅರ್ಜಿ ಬರೆಯಬೇಕು. ಅರ್ಜಿಯ ಜೊತೆ ಅಪ್ಪನ ಮರಣ ಪ್ರಮಾಣಪತ್ರ ಇಡಬೇಕು. ಅದು ಯಾರ ಬಳಿ ಇದೆ? ಕೊನೆಗೆ ಬರೆದ ಸಾಲು ಇದು: ‘ಅಕ್ಕನಿಗೆ ಕರೆ ಮಾಡಿ, ಅಪ್ಪನ ಮರಣ ಪ್ರಮಾಣಪತ್ರ ಎಲ್ಲಿದೆ ಎಂದು ಕೇಳುವುದು.’ ಬರೆಯುವಾಗಲೇ ಕೈ ನಿಂತಿತು. ಅಷ್ಟು ತಿಂಗಳು ನಾನು ಹಿಂಜರಿದದ್ದು ಕಚೇರಿಯ ಅಲೆದಾಟಕ್ಕಲ್ಲ, ಆ ಕಾಗದವನ್ನು ಕೈಯಲ್ಲಿ ಹಿಡಿಯುವುದಕ್ಕೆ. ಕಾರಣ ತಿಳಿದ ಮೇಲೆ ಅಕ್ಕನಿಗೆ ಕರೆ ಮಾಡಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಇದೇ ಹಂತದಲ್ಲಿ ಬರುವುದು ಪ್ರಸಿದ್ಧವಾದ ಎರಡು ನಿಮಿಷದ ನಿಯಮ. ಹೆಜ್ಜೆಗೆ ಎರಡು ನಿಮಿಷಕ್ಕಿಂತ ಕಡಿಮೆ ಸಾಕಾದರೆ ಪಟ್ಟಿಗೆ ಸೇರಿಸದೆ ಆಗಲೇ ಮಾಡಿ ಮುಗಿಸಿ. ಆದರೆ ಈ ನಿಯಮ ಇನ್‌ಬಾಕ್ಸ್ ಖಾಲಿ ಮಾಡುವ ಹೊತ್ತಿಗೆ ಮಾತ್ರ. ಇಡೀ ದಿನ ಇದನ್ನೇ ಹಿಡಿದರೆ ಬಂದ ಸಂದೇಶಗಳಿಗೆಲ್ಲ ಉತ್ತರಿಸುತ್ತಲೇ ಸಂಜೆಯಾಗುತ್ತದೆ.

[ದೃಶ್ಯ: ಹಾಳೆಗಳು ಒಂದೊಂದಾಗಿ ಬೇರೆ ಬೇರೆ ಫೈಲ್ ಸೇರುತ್ತವೆ.]

ಜೋಡಿಸುವುದು ಸುಲಭ. ಮನೆಯಲ್ಲಿ ಆಗುವುದು, ಫೋನಿನಲ್ಲಿ ಆಗುವುದು, ಪೇಟೆಗೆ ಹೋದಾಗ ಆಗುವುದು ಎಂದು ಹೆಜ್ಜೆಗಳನ್ನು ಬೇರೆ ಬೇರೆ ಪಟ್ಟಿ ಮಾಡಿ. ಬೇರೆಯವರಿಂದ ಬರಬೇಕಾದದ್ದಕ್ಕೆ ‘ಕಾಯುತ್ತಿರುವುದು’ ಎಂಬ ಪಟ್ಟಿ ಇರಲಿ. ನನ್ನ ಆ ಪಟ್ಟಿಯಲ್ಲಿ ‘ವಂಶವೃಕ್ಷ, ಅರ್ಜಿ ಕೊಟ್ಟದ್ದು 9ನೇ ತಾರೀಖು’ ಎಂದಿತ್ತು. ಈಗ ಬೇಡ, ಆದರೆ ಬಿಡಲೂ ಮನಸ್ಸಿಲ್ಲ ಎನ್ನುವುದಕ್ಕೆ ‘ಎಂದಾದರೊಮ್ಮೆ’ ಎಂಬ ಪಟ್ಟಿ. ಕ್ಯಾಲೆಂಡರಿನಲ್ಲಿ ಆಯಾ ದಿನವೇ ಆಗಬೇಕಾದದ್ದನ್ನು ಬಿಟ್ಟು ಬೇರೇನೂ ಬೇಡ.

ಕಾಗದಪತ್ರ ಹೆಚ್ಚಿರುವವರಿಗೆ ಅಲೆನ್ ಹೇಳುವ 43 ಫೈಲ್‌ಗಳ ವ್ಯವಸ್ಥೆ ನನಗೆ ಬಲು ಇಷ್ಟ. ದಿನಗಳಿಗೆ 31, ತಿಂಗಳುಗಳಿಗೆ 12. ಮುಂದಿನ ತಿಂಗಳ ಮದುವೆಯ ಕರೆಯೋಲೆ ಆ ತಿಂಗಳ ಫೈಲಿಗೆ ಹೋಗುತ್ತದೆ. ತಿಂಗಳು ಹುಟ್ಟಿದಾಗ ಅದರಲ್ಲಿರುವುದನ್ನು ದಿನಗಳ ಫೈಲ್‌ಗಳಿಗೆ ಹಂಚಬೇಕು. ಪ್ರತಿ ಬೆಳಿಗ್ಗೆ ಆ ದಿನದ ಫೈಲ್ ತೆರೆದು ಖಾಲಿ ಮಾಡಿ, ಸಾಲಿನ ಹಿಂದಕ್ಕೆ ಸೇರಿಸಬೇಕು. ಕರೆಯೋಲೆ ತಾನಾಗಿ ಸರಿಯಾದ ದಿನ ಕೈಗೆ ಬರುತ್ತದೆ.

[ದೃಶ್ಯ: ಭಾನುವಾರದ ಬೆಳಗು, ಕಾಫಿ ಲೋಟ, ತೆರೆದ ಪುಸ್ತಕ.]

ಇಷ್ಟೆಲ್ಲ ಮಾಡಿಯೂ ಒಂದು ತಿಂಗಳಲ್ಲಿ ಕೈಬಿಡುವವರು ಬಿಡುವುದು ವಾರದ ಪರಿಶೀಲನೆಯನ್ನು. ವಾರಕ್ಕೊಮ್ಮೆ ಎಲ್ಲ ಪಟ್ಟಿಗಳನ್ನೂ ಓದಲೇಬೇಕು. ಪ್ರತಿ ಪ್ರಾಜೆಕ್ಟಿಗೂ ಒಂದು ಮುಂದಿನ ಹೆಜ್ಜೆ ಇದೆಯೇ? ಕಾಯುತ್ತಿರುವುದರಲ್ಲಿ ಯಾರನ್ನು ಮತ್ತೆ ಕೇಳಬೇಕು? ಓದದ ಪಟ್ಟಿಯನ್ನು ಮನಸ್ಸು ನಂಬುವುದಿಲ್ಲ, ಎಲ್ಲವನ್ನೂ ಮತ್ತೆ ತಾನೇ ಹೊತ್ತುಕೊಳ್ಳುತ್ತದೆ. ನಾನು ಭಾನುವಾರ ಬೆಳಿಗ್ಗೆ ಅಮ್ಮನ ಮನೆಯಲ್ಲಿ ಕುಳಿತು ಓದುತ್ತೇನೆ.

ಖಾತೆ ಈಗ ಅಮ್ಮನ ಹೆಸರಿನಲ್ಲಿದೆ. ನನ್ನ ‘ಎಂದಾದರೊಮ್ಮೆ’ ಪಟ್ಟಿಯಲ್ಲಿ ಬಹಳ ದಿನಗಳಿಂದ ಒಂದು ಸಾಲಿತ್ತು: ‘ಅಪ್ಪನ ಪತ್ರಗಳನ್ನು ಜೋಡಿಸುವುದು.’ ಕಳೆದ ಭಾನುವಾರ ಅದನ್ನು ಅಲ್ಲಿಂದ ತೆಗೆದು ಪ್ರಾಜೆಕ್ಟ್‌ಗಳ ಪಟ್ಟಿಗೆ ಬರೆದೆ.

[ದೃಶ್ಯ: ಹೊಸ ಪುಟ. ಒಂದೇ ಸಾಲು: ‘ಅಟ್ಟದಿಂದ ಟ್ರಂಕ್ ಇಳಿಸುವುದು’.]