ದೆವ್ವದ ಮನೆಯೊಳಗೆ ನಡೆಯುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಅಕ್ಟೋಬರ್ 31ರಂದು ಹ್ಯಾಲೋವೀನ್, ದೆವ್ವ ಭೂತಗಳ ವೇಷ ಹಾಕಿ ಆಡುವ ಹಬ್ಬ. ಆದರೆ ದೆವ್ವದ ಮನೆಗಳು, ಅಂದರೆ ಟಿಕೆಟ್ ಕೊಂಡು ಹೆದರಲೆಂದೇ ಒಳಹೋಗುವ, ವೇಷ ಹಾಕಿದ ನಟರೋ ಬೊಂಬೆಗಳೋ ಹೆದರಿಸುವ ಹಾಂಟೆಡ್ ಹೌಸ್‌ಗಳು, ಸೆಪ್ಟೆಂಬರ್ ಕೊನೆಗೇ ಬಾಗಿಲು ತೆರೆದಿರುತ್ತವೆ. ಹಳೇ ಗೋದಾಮು, ಜೋಳದ ಹೊಲ, ಮುಚ್ಚಿಹೋದ ಜೈಲು, ಎಲ್ಲಿ ಜಾಗವಿದೆಯೋ ಅಲ್ಲಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಮಕ್ಕಳ ಹಟಕ್ಕೆ ಹೋಗುತ್ತವೆ, ಊರಿನಿಂದ ಬಂದ ಅಜ್ಜ ಅಜ್ಜಿಯನ್ನೂ ಜೊತೆಗೆ ಹೊರಡಿಸುತ್ತವೆ. ಹಾಗೆ ಹೊರಡುವವರು ಮೊದಲು ತಿಳಿಯಬೇಕಾದ್ದು, ಎಲ್ಲ ದೆವ್ವದ ಮನೆಗಳೂ ಒಂದೇ ಜಾತಿಯವಲ್ಲ.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1969ರಲ್ಲಿ ತೆರೆದ ಹಾಂಟೆಡ್ ಮ್ಯಾನ್ಷನ್ ಇದೆ. ಅಲ್ಲಿ ಗಾಡಿಯಲ್ಲಿ ಕೂತು ಸಾಗಿದರಾಯಿತು, ಮೈಮೇಲೆ ಎರಗಿ ಬರುವವರು ಯಾರೂ ಇಲ್ಲ. ದೊಡ್ಡ ಹಜಾರದಲ್ಲಿ ಕುಣಿಯುವ ಪಾರದರ್ಶಕ ದೆವ್ವಗಳು ಗಾಜಿನ ಪ್ರತಿಬಿಂಬ. ನಿಜವಾದ ಬೊಂಬೆಗಳು ನಮ್ಮ ಗಾಡಿಯ ಮೇಲೂ ಕೆಳಗೂ ಅಡಗಿ ಕುಣಿಯುತ್ತಿರುತ್ತವೆ. 1862ರಲ್ಲಿ ಲಂಡನ್ನಿನಲ್ಲಿ ಪೆಪ್ಪರ್ ಎಂಬವರು ತೋರಿಸಿದ ರಂಗತಂತ್ರವೇ ಇದು. ಪುಟ್ಟ ಮಕ್ಕಳೂ ನೋಡಬಹುದು.

ಸಿನಿಮಾ ಕಂಪನಿ ಯೂನಿವರ್ಸಲ್‌ನವರ ಪಾರ್ಕುಗಳಲ್ಲಿ ನಡೆಯುವ ಹ್ಯಾಲೋವೀನ್ ಹಾರರ್ ನೈಟ್ಸ್ ಹಾಗಲ್ಲ. ಒರ್ಲ್ಯಾಂಡೋದಲ್ಲಿ 1991ರಿಂದ ನಡೆಯುತ್ತಿದೆ. ಹಗಲಿನ ಟಿಕೆಟ್ ಅಲ್ಲಿ ನಡೆಯದು, ರಾತ್ರಿಗೆ ಬೇರೆಯೇ ಟಿಕೆಟ್. 13 ವರ್ಷದ ಒಳಗಿನವರಿಗೆ ತಕ್ಕದ್ದಲ್ಲವೆಂದು ಅವರೇ ಹೇಳುತ್ತಾರೆ. ವೇಷ, ಮುಖವಾಡ ಹಾಕಿಕೊಂಡು ಹೋದರೆ ಬಾಗಿಲಲ್ಲೇ ತಡೆಯುತ್ತಾರೆ. ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಜೈಲು 1829ರಲ್ಲಿ ತೆರೆದು 1971ರಲ್ಲಿ ಮುಚ್ಚಿದ ನಿಜವಾದ ಸೆರೆಮನೆ. ಅಲ್ಲಿನ ಹ್ಯಾಲೋವೀನ್ ಪ್ರದರ್ಶನದಲ್ಲಿ ‘ನನ್ನನ್ನು ಮುಟ್ಟಬಹುದು’ ಎಂದು ಒಪ್ಪಿದವರು ಹೊಳೆಯುವ ಸರ ಹಾಕಿಕೊಳ್ಳುತ್ತಾರೆ. ಮುಟ್ಟುವ ಆಟವೋ ಮುಟ್ಟದ ಆಟವೋ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಓದಿಕೊಳ್ಳಿ. ಹೆಚ್ಚಿನ ಕಡೆ ನಟರು ಮುಟ್ಟುವುದಿಲ್ಲ, ನಾವೂ ಅವರನ್ನು ಮುಟ್ಟಬಾರದು.

ಈಗ ಒಳಗೆ ಹೋಗೋಣ. ಇಡೀ ಮನೆ ನಿಂತಿರುವುದು ಸಮಯದ ಲೆಕ್ಕದ ಮೇಲೆ. ಸಣ್ಣ ಮನೆಗಳಲ್ಲಿ ಆರೆಂಟು ಜನರ ಗುಂಪು ಮಾಡಿ, ಅರ್ಧ ನಿಮಿಷವೋ ಒಂದು ನಿಮಿಷವೋ ಬಿಟ್ಟು ಒಳಗೆ ಕಳಿಸುತ್ತಾರೆ. ಈ ಅಂತರ ಸುಮ್ಮನೆ ಬಿಟ್ಟದ್ದಲ್ಲ. ಡ್ರಾಪ್ ಪ್ಯಾನೆಲ್ ಎಂಬ ಏರ್ಪಾಟನ್ನೇ ನೋಡಿ. ಗೋಡೆಯಲ್ಲಿ ಕಿಟಕಿಯಷ್ಟು ಅಗಲದ ಹಲಗೆ, ಅದರ ಮೇಲೆ ಚಿತ್ರಪಟವೋ ಗೋಡೆಯದೇ ಬಣ್ಣವೋ ಇರುವುದರಿಂದ ಕಿಟಕಿ ಅಂತ ಗೊತ್ತಾಗದು. ಹಿಂದೆ ನಿಂತ ನಟ ಬಿಟ್ಟ ಕೂಡಲೇ ಹಲಗೆ ಚೌಕಟ್ಟಿನ ಸಂದಿಯಲ್ಲಿ ಧಡ್ ಎಂದು ಕೆಳಗಿಳಿಯುತ್ತದೆ, ಅದೇ ಕ್ಷಣಕ್ಕೆ ಅವನ ಮುಖ ನಮ್ಮ ಮುಖದೆದುರು. ಬೆಚ್ಚಿಬೀಳಿಸುವುದರಲ್ಲಿ ಅರ್ಧ ಪಾಲು ಆ ಸದ್ದಿನದು. ಬಳಿಕ ಅವನು ಹಲಗೆಯನ್ನು ಮೇಲೆತ್ತಿ ಸಿಕ್ಕಿಸಿ, ಮತ್ತೆ ಕತ್ತಲಲ್ಲಿ ಮರೆಯಾಗಬೇಕು. ನೀವು ಮುಂದಿನ ಗುಂಪಿನ ಬೆನ್ನಿಗೇ ಹೋಗಿಬಿಟ್ಟರೆ ಕಾಣುವುದು ತೆರೆದ ಕಿಟಕಿ ಮತ್ತು ಹಲಗೆ ಎತ್ತುತ್ತಿರುವ ಮನುಷ್ಯ. ‘ಅಲ್ಲೇನೂ ಹೆದರಿಕೆಯೇ ಆಗಲಿಲ್ಲ’ ಎನ್ನುವವರಲ್ಲಿ ಎಷ್ಟೋ ಜನ ಹೀಗೆ ಅವಸರದಲ್ಲಿ ನಡೆದವರು. ಮುಂದಿನವರ ಕಿರುಚಾಟ ಕಿವಿಗೆ ಬಿದ್ದರೆ ಹೆಜ್ಜೆ ನಿಧಾನಿಸಿ.

ದೊಡ್ಡ ಪಾರ್ಕುಗಳಲ್ಲಿ ಈ ಅಂತರ ಸಿಗುವುದು ಕಷ್ಟ. ಸಾವಿರಾರು ಜನ ಒಂದೇ ಸಾಲಾಗಿ ಹರಿಯುತ್ತಿರುತ್ತಾರೆ. ಶನಿವಾರ ಬಿಟ್ಟು ವಾರದ ನಡುವೆ ಹೋದರೆ, ಅದೂ ಬಾಗಿಲು ತೆರೆದ ಹೊತ್ತಿಗೇ ಹೋದರೆ, ಸಾಲು ತೆಳುವಾಗಿರುತ್ತದೆ. ಟಿಕೆಟ್ಟಿನ ದರವೂ ಆ ದಿನಗಳಲ್ಲಿ ಸಾಮಾನ್ಯವಾಗಿ ಕಡಿಮೆ.

ಗುಂಪಿನಲ್ಲಿ ಎಲ್ಲಿ ನಿಲ್ಲಬೇಕು? ಮುಂದೆ ನಿಂತವರಿಗೆ ಕತ್ತಲು ಹೆಚ್ಚು, ಕೊನೆಯವರಿಗೆ ಬೆನ್ನಹಿಂದಿನ ಹೆಜ್ಜೆ ಸದ್ದು. ನಡುವಿನವರು ಕ್ಷೇಮ ಅಂತ ಲೆಕ್ಕ ಹಾಕಬೇಡಿ. ಒಂದು ಬದಿಯಲ್ಲಿ ಬೊಂಬೆಯೋ ಬೆಳಕೋ ಕಣ್ಸೆಳೆಯುತ್ತದೆ, ಎಲ್ಲರೂ ಅತ್ತ ತಿರುಗಿದಾಗ ಇನ್ನೊಂದು ಬದಿಯಿಂದ ನಟ ನುಗ್ಗುತ್ತಾನೆ, ಅವನ ಗುರಿ ನಡುವಿನವರೇ. ಮಕ್ಕಳ ಕೈ ಹಿಡಿದು ನಡುವೆ ನಡೆಯುವವರು ಬೆಳಕಿಗೆ ಬೆನ್ನು ಮಾಡಿ ಎದುರು ಗೋಡೆ ನೋಡಿದರೆ ಅವನು ಬರುವುದು ಮೊದಲೇ ಕಾಣುತ್ತದೆ. ಬೆಚ್ಚಿದಾಗ ಕೈ ತಾನಾಗಿ ಬೀಸುವುದುಂಟು, ನಟರಿಗೆ ಪೆಟ್ಟಾಗುವುದೂ ಹಾಗೆಯೇ. ಮಕ್ಕಳ ಕೈ ಹಿಡಿಯದವರು ಕೈಕಟ್ಟಿಕೊಂಡು ನಡೆಯುವುದು ಒಳ್ಳೆಯದು. ಹಿಂದಕ್ಕೆ ಓಡಲೇಬೇಡಿ, ಹಿಂದೆ ಬರುವವರಿಗೆ ನೀವು ಕಾಣುವುದಿಲ್ಲ.

ಇನ್ನು ತಿರುಗುವ ಸುರಂಗ. ನಡುವೆ ಕಬ್ಬಿಣದ ಸೇತುವೆ, ಸುತ್ತ ಚುಕ್ಕಿ ಬಳಿದ ದೊಡ್ಡ ಉರುಳೆ ತಿರುಗುತ್ತಿರುತ್ತದೆ. ಸೇತುವೆ ಒಂದಿಷ್ಟೂ ಅಲುಗದು. ಆದರೂ ಕಣ್ಣು ‘ಬೀಳುತ್ತಿದ್ದೀಯ’ ಅನ್ನುತ್ತದೆ, ಒಳಗಿವಿ ‘ನೆಟ್ಟಗೇ ಇದ್ದೀಯ’ ಅನ್ನುತ್ತದೆ. ಈ ಜಗಳಕ್ಕೇ ತಲೆ ಸುತ್ತುವುದು. ಕಂಬಿ ಹಿಡಿದು ಕಣ್ಣು ಮುಚ್ಚಿದರೆ ಸುತ್ತು ನಿಲ್ಲುತ್ತದೆ. ಹಿರಿಯರ ಜೊತೆಗಿರುವವರು ಇದನ್ನು ಮೊದಲೇ ಅವರಿಗೆ ಹೇಳಿಕೊಡಿ.

ಮಿನುಗುವ ದೀಪಗಳಿಂದ ಮೂರ್ಛೆರೋಗವಿರುವ ಕೆಲವರಿಗೆ ಅಪಾಯವಿದೆ. ಗರ್ಭಿಣಿಯರು, ಹೃದ್ರೋಗಿಗಳು ಒಳಗೆ ಹೋಗಬಾರದು. ಹೊಗೆಯಂತೆ ಕಾಣುವುದು ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆತ ನೀರನ್ನು ಕಾಯಿಸಿ ಹೊಮ್ಮಿಸಿದ ಮಂಜು. ಉಬ್ಬಸವಿದ್ದವರು ಇನ್ಹೇಲರ್ ಜೇಬಲ್ಲಿಟ್ಟುಕೊಳ್ಳಲಿ. ಕಾಲಿಗೆ ಚಪ್ಪಲಿ ಬೇಡ, ಶೂ ಇರಲಿ.

ಡೆನ್ಮಾರ್ಕ್‌ನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಮನೆಯೊಂದಕ್ಕೆ ಬಂದ 110 ಜನರ ಎದೆಬಡಿತ ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಯ ತೀರಾ ಕಡಿಮೆಯಾದರೂ ಖುಷಿಯಿಲ್ಲ, ತೀರಾ ಹೆಚ್ಚಾದರೂ ಇಲ್ಲ. ಮಗು ಅಳುತ್ತಾ ನಿಂತುಬಿಟ್ಟರೆ ಮುಂದಕ್ಕೆ ಎಳೆಯಬೇಡಿ. ಅಲ್ಲಿರುವ ಸಿಬ್ಬಂದಿಗೋ ನಟನಿಗೋ ‘ಹೊರಗೆ ಹೋಗಬೇಕು’ ಎಂದರೆ ಪಕ್ಕದ ಬಾಗಿಲಿಂದ ಕರೆದೊಯ್ಯುತ್ತಾರೆ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಕತ್ತಲೆಂದು ಲೈಟರ್ ಹಚ್ಚುವುದು ಮಾತ್ರ ಎಂದಿಗೂ ಬೇಡ. 1984ರ ಮೇ 11ರಂದು ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿನ ಹಾಂಟೆಡ್ ಕ್ಯಾಸಲ್‌ನಲ್ಲಿ, ದಾರಿ ಕಾಣಲೆಂದು ಹಚ್ಚಿದ ಲೈಟರ್ ಗೋಡೆಯ ಫೋಮ್‌ಗೆ ತಗುಲಿ ಎಂಟು ಮಂದಿ ಹದಿಹರೆಯದವರು ಸತ್ತರು. ನೀರು ಚಿಮ್ಮುವ ಸ್ಪ್ರಿಂಕ್ಲರ್ ಆಗ ಅಲ್ಲಿರಲಿಲ್ಲ. ಆಮೇಲೆ ನಿಯಮಗಳು ಬಿಗಿಯಾದವು. ಈಗಿನ ಮನೆಗಳಲ್ಲಿ ಹೊಗೆ ಪತ್ತೆಯಾದರೆ ಸದ್ದು ನಿಂತು ದೀಪಗಳೆಲ್ಲ ಹತ್ತಿಕೊಳ್ಳಬೇಕು. ಹಾಗಾದರೆ ಆಟದ ಭಾಗವೆಂದು ನಗುತ್ತಾ ನಿಲ್ಲಬೇಡಿ, ನಿರ್ಗಮನದ ಫಲಕ ಹುಡುಕಿ ಹೊರಡಿ. ಒಂದೆರಡು ವಾರಕ್ಕೆಂದು ಕೊಟ್ಟಿಗೆಯಲ್ಲೋ ಗೋದಾಮಿನಲ್ಲೋ ಕಟ್ಟಿದ ಮನೆಯಾದರೆ, ಅಗ್ನಿಶಾಮಕ ಇಲಾಖೆಯ ತಪಾಸಣೆ ಆಗಿದೆಯೇ ಅಂತ ಧಾರಾಳವಾಗಿ ಕೇಳಿ.

ಕೊನೆಗೆ ಹೊರಬಾಗಿಲು. ಮುಗಿಯಿತೆಂದು ಉಸಿರುಬಿಟ್ಟಾಗ, ಮರ ಕೊಯ್ಯುವ ಯಂತ್ರ ಹಿಡಿದವನೊಬ್ಬ ಅಬ್ಬರಿಸುತ್ತಾ ಬರುವುದು ಬಹಳ ಕಡೆ ರೂಢಿ. ಯಂತ್ರದ ಹಲ್ಲಿನ ಸರಪಳಿ ಬಿಚ್ಚಿಟ್ಟಿರುತ್ತಾರೆ, ಉಳಿದದ್ದು ಬರೀ ಇಂಜಿನ್ನಿನ ಸದ್ದು. ಮಕ್ಕಳು ಬೆದರಿ ಓಡುವುದು ಕಾರು ನಿಲ್ಲಿಸಿದ ಕಡೆಗೆ, ಅಲ್ಲಿ ಗಾಡಿಗಳು ಹಿಂದೆ ಮುಂದೆ ಹೊರಳುತ್ತಿರುತ್ತವೆ. ಬಾಗಿಲು ದಾಟುವ ಮೊದಲೇ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ. ಓಡಿದವರನ್ನೇ ಅವನು ಅಟ್ಟಿಸಿಕೊಂಡು ಹೋಗುವುದು, ಸುಮ್ಮನೆ ನಿಂತವರನ್ನು ಬಿಟ್ಟು ಮುಂದಿನವರ ಕಡೆ ತಿರುಗುತ್ತಾನೆ.

ನಮಸ್ಕಾರ.